60 ಕಿಲೋಮೀಟರ್ ದೂರದ ಊರಿಗೆ ನಾಯಕಿಯನ್ನು ಕರೆತರುವುದು ಹೇಗೆ

ಊರಿಗೆ ಮರಳಿದವರ ಪ್ರೇಮಹಾಸ್ಯ ಬರೆದಿದ್ದೇನೆ, ಓದಿ ನೋಡಿ ಎಂದು ಚಿತ್ರಕಥೆ ಹಿಡಿದು ಬರುವ ಹುಡುಗ ಹುಡುಗಿಯರನ್ನು ನಾನು ಮೊದಲು ಕೇಳುವುದು ಒಂದೇ ಮಾತು: ನಿಮ್ಮ ನಾಯಕಿ ಇಷ್ಟು ವರ್ಷ ಊರಿಗೆ ಯಾಕೆ ಬಂದಿರಲಿಲ್ಲ? ‘ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಳು, ಮೇಡಂ’ ಎನ್ನುತ್ತಾರೆ. ಇದೊಂದು ಉತ್ತರವೇ? ಶಿಡ್ಲಘಟ್ಟದಿಂದ ಬೆಂಗಳೂರಿಗೆ ಅರವತ್ತು ಚಿಲ್ಲರೆ ಕಿಲೋಮೀಟರ್. ಬೆಳಿಗ್ಗೆ ಹೋಗಿ, ಕಚೇರಿ ಮುಗಿಸಿ, ರಾತ್ರಿಯ ಮುದ್ದೆಗೆ ಮನೆ ಸೇರುವವರು ನಮ್ಮ ತಾಲ್ಲೂಕಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ತುಮಕೂರಿನಿಂದ 70, ಕೋಲಾರದಿಂದ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಯ ಬರಹಗಾರರದೂ ಇದೇ ಪಾಡು. ಅಮೆರಿಕದ ಸಿನಿಮಾದಲ್ಲಿ ನ್ಯೂಯಾರ್ಕ್‌ನಿಂದ ಅಲಬಾಮಾಕ್ಕೆ ಬರಬೇಕಾದರೆ ವಿಮಾನ ಹತ್ತಬೇಕು. ನಮ್ಮವಳು ಬಸ್ ಹತ್ತಿ ಒಂದು ನಿದ್ದೆ ತೆಗೆದರೆ ಊರು ಬಂದಿರುತ್ತದೆ. ಅಂಥವಳು ಹತ್ತು ವರ್ಷ ಬರಲಿಲ್ಲ ಎಂದರೆ ಬರುವ ಮನಸ್ಸೇ ಇರಲಿಲ್ಲ. ಆ ಮನಸ್ಸಿನ ಕಾರಣ ಸಿಕ್ಕಿತೋ, ಅರ್ಧ ಚಿತ್ರಕಥೆ ಕೈಗೆ ಬಂದಂತೆ.

ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವುದು ನನ್ನ ಕಸುಬು. ಹುಟ್ಟಿದ್ದು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಯುವ ಮನೆಯಲ್ಲಿ, ಈಗಿರುವುದು ಚಿಕ್ಕಬಳ್ಳಾಪುರದಲ್ಲಿ. ಊರಿಗೆ ಮರಳುವ ಪ್ರೇಮಹಾಸ್ಯ ಯಾವ ಭಾಷೆಯಲ್ಲಿ ಬಂದರೂ ನಾಚಿಕೆಯಿಲ್ಲದೆ ಕುಳಿತು ನೋಡುತ್ತೇನೆ. ಹಾಗೆ ನೋಡುವುದರಿಂದಲೂ ಬರೆಯುವುದರಿಂದಲೂ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ಈ ನಮ್ಮ ಮೂರು ಜಿಲ್ಲೆಗಳ ಕಥೆ ಬರೆಯುವವರಿಗೆ ಹೆಚ್ಚು ಉಪಯೋಗವಾದೀತು. ಮಲೆನಾಡಿನವರಿಗೆ ಅವರ ಮಳೆಯೇ ಸಾಕು.

ಬರೆಯಲು ಕೂರುವ ಮೊದಲು, ಜನ ಇಂಥ ಸಿನಿಮಾವನ್ನು ಯಾಕೆ ನೋಡುತ್ತಾರೆ ಎಂದು ಯೋಚಿಸಿ. ಕಥೆಯಲ್ಲಿ ಗುಟ್ಟೇನೂ ಇರುವುದಿಲ್ಲ. ಅಮೆರಿಕದ ಹಾಲ್‌ಮಾರ್ಕ್ ವಾಹಿನಿ 2009ರಿಂದ ಪ್ರತಿ ವರ್ಷದ ಕೊನೆಗೆ ಕ್ರಿಸ್‌ಮಸ್ ಚಿತ್ರಗಳ ಸರಣಿಯನ್ನೇ ಬಿಡುತ್ತಿದೆ. ಅವುಗಳಲ್ಲಿ ಎಷ್ಟೋ ಚಿತ್ರಗಳಲ್ಲಿ ನಗರದ ಕಚೇರಿಯ ಹುಡುಗಿ ಸಣ್ಣ ಊರಿಗೆ ಬರುತ್ತಾಳೆ, ಹಳೆಯ ಗೆಳೆಯ ಎದುರಾಗುತ್ತಾನೆ, ಹಿಮ ಬೀಳುತ್ತದೆ. ಮುಂದಿನದನ್ನು ಪೋಸ್ಟರ್ ನೋಡಿಯೇ ಹೇಳಬಹುದು. ಹಾಗಿದ್ದೂ ಜನ ವರ್ಷ ವರ್ಷ ನೋಡುತ್ತಾರೆ. ಊರಿನ ಸೊಬಗು, ಬಾಲ್ಯದ ನೆನಪು ಎಂದು ವಿಮರ್ಶಕರು ಹೇಳುವ ಕಾರಣಗಳು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನನ್ನ ಲೆಕ್ಕದಲ್ಲಿ ನಿಜವಾದ ಆಕರ್ಷಣೆ ಬೇರೆ. ನಗರದಲ್ಲಿ ಪ್ರೀತಿಸಬೇಕಾದರೆ ಮೊದಲು ನಮ್ಮನ್ನು ನಾವು ಪರಿಚಯಿಸಿಕೊಳ್ಳಬೇಕು: ಒಳ್ಳೆಯ ಫೋಟೊ, ಒಳ್ಳೆಯ ಇಂಗ್ಲಿಷ್, ಓದಿಲ್ಲದ ಪುಸ್ತಕಗಳ ಹೆಸರು. ಊರಿನಲ್ಲಿರುವವನಿಗೆ ನಾವು ಏಳನೆಯ ತರಗತಿಯಲ್ಲಿ ಗಣಿತಕ್ಕೆ ಪಡೆದ ಅಂಕವೂ ಗೊತ್ತು, ಅಪ್ಪ ಮಾಡಿದ್ದ ಸಾಲವೂ ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ ಒಬ್ಬ ಮನುಷ್ಯ ನಮ್ಮನ್ನು ಇಷ್ಟಪಡುತ್ತಾನೆ ಎಂಬ ಆಸೆಗೇ ಜನ ಟಿಕೆಟ್ ಕೊಳ್ಳುವುದು. ಹಾಸ್ಯ ಹುಟ್ಟುವುದೂ ಅಲ್ಲಿಯೇ. ಹತ್ತು ವರ್ಷ ಕಷ್ಟಪಟ್ಟು ಕಟ್ಟಿಕೊಂಡ ಗತ್ತು ಬಸ್ ನಿಲ್ದಾಣದ ಹೂವಿನವಳ ಒಂದೇ ಪ್ರಶ್ನೆಗೆ ಕುಸಿಯುತ್ತದೆ.

ಅಮೆರಿಕದ ತತ್ತ್ವಶಾಸ್ತ್ರಜ್ಞ ಸ್ಟ್ಯಾನ್ಲಿ ಕ್ಯಾವೆಲ್ 1981ರಲ್ಲಿ 1930–40ರ ದಶಕಗಳ ಏಳು ಹಾಲಿವುಡ್ ಹಾಸ್ಯಚಿತ್ರಗಳನ್ನು ಕುರಿತು ಬರೆದು, ಅವನ್ನು ಮರುಮದುವೆಯ ಹಾಸ್ಯಗಳೆಂದು ಕರೆದ. ಆ ಚಿತ್ರಗಳ ಪ್ರಶ್ನೆ ಹುಡುಗ ಹುಡುಗಿ ಒಂದಾಗುತ್ತಾರೆಯೇ ಎಂಬುದಲ್ಲ. ಒಮ್ಮೆ ಒಂದಾಗಿದ್ದವರು ಮತ್ತೆ ಒಂದಾಗುತ್ತಾರೆಯೇ ಎಂಬುದು. ಊರಿಗೆ ಮರಳುವ ಕಥೆಯೂ ಅದೇ ಮನೆತನದ್ದು ಎಂದು ನನಗನ್ನಿಸುತ್ತದೆ. ನಮ್ಮವರಿಗೆ ಮರಳುವ ಕಥೆ ಹೊಸದೇನಲ್ಲ. 1972ರ ‘ಬಂಗಾರದ ಮನುಷ್ಯ’ದ ರಾಜೀವ ಹಳ್ಳಿಗೆ ಬಂದು ನೆಲ ಉತ್ತು ಬೆಳೆದದ್ದನ್ನು ನೋಡಿಯೇ ನಮ್ಮ ಹಿರಿಯರು ದೊಡ್ಡವರಾದರು. ಆದರೆ ಅಲ್ಲಿ ಮರಳುವುದು ಕರ್ತವ್ಯ, ತ್ಯಾಗ. ಆ ಭಾರ ಇನ್ನೂ ನಮ್ಮ ಬರಹಗಾರರ ಹೆಗಲ ಮೇಲಿದೆ. ಊರಿಗೆ ಬಂದವಳು ಎರಡನೆಯ ಅರ್ಧದಲ್ಲಿ ಕೆರೆ ಹೂಳೆತ್ತಿಸಲು ಹೊರಡುತ್ತಾಳೆ. ದಯವಿಟ್ಟು ಬೇಡ. ಅವಳು ಊರನ್ನು ಉದ್ಧಾರ ಮಾಡಲು ಬಂದವಳಲ್ಲ. ಬಂದ ಕೆಲಸ ಮುಗಿಸಿಕೊಂಡು ಬೇಗ ಹೊರಟುಬಿಡಬೇಕು ಎಂದು ಬಂದವಳು.

ಬಾರದಿರಲು ಕಾರಣ

ಈಗ ಮೊದಲ ಪ್ರಶ್ನೆಗೆ ಬರೋಣ. ಬಾರದಿರಲು ಕೊಲೆ, ಬೆಂಕಿ, ಕುಲವೈರ ಬೇಕಾಗಿಲ್ಲ. ಅವನ್ನು ಹಾಕಿದರೆ ಆಮೇಲೆ ನಗಿಸುವುದು ಕಷ್ಟ. ಕಾರಣ ಸಣ್ಣದಿರಲಿ, ಮುಜುಗರದ್ದಿರಲಿ. ನನಗೆ ಇಷ್ಟವಾದ ಒಂದನ್ನು ಹೇಳುತ್ತೇನೆ, ಬೇಕಾದರೆ ಬಳಸಿಕೊಳ್ಳಿ. ನಮ್ಮ ಕಡೆ ಸೋದರತ್ತೆಯ ಮಗನನ್ನು ಮದುವೆಯಾಗುವುದು ವಾಡಿಕೆ. ತೊಟ್ಟಿಲಲ್ಲಿದ್ದಾಗಲೇ ‘ಇವಳು ನಿನಗೇ ಕಣಪ್ಪಾ’ ಎಂದು ತಮಾಷೆ ಶುರುವಾಗಿರುತ್ತದೆ. ನಾಯಕಿ ಹದಿನೆಂಟರ ವಯಸ್ಸಿನಲ್ಲಿ, ಯಾರದೋ ಮದುವೆಯ ಪಂಕ್ತಿಯಲ್ಲಿ, ಬಡಿಸುತ್ತಿದ್ದ ಆ ಅತ್ತೆಯ ಮಗನ ಎದುರಿಗೇ ಎಲ್ಲರಿಗೂ ಕೇಳುವಂತೆ ‘ಇವನನ್ನು ಕಟ್ಟಿಕೊಳ್ಳುವುದಕ್ಕಿಂತ ಬಾವಿಗೆ ಬೀಳುವುದು ಮೇಲು’ ಎಂದುಬಿಟ್ಟಿರುತ್ತಾಳೆ. ಅವನು ಮಾತನಾಡದೆ ಅವಳ ಎಲೆಗೆ ಪಾಯಸ ಬಡಿಸಿ ಮುಂದೆ ಹೋಗಿರುತ್ತಾನೆ. ಅಷ್ಟೇ. ಊರು ಅದನ್ನು ಮರೆತಿರುವುದಿಲ್ಲ, ಅವಳೂ ಮರೆತಿರುವುದಿಲ್ಲ. ಹಬ್ಬ ಬಂದಾಗಲೆಲ್ಲ ಅವಳಿಗೆ ಕಚೇರಿಯಲ್ಲಿ ತುರ್ತು ಕೆಲಸ ಬರುತ್ತದೆ.

ದೂರ ಕಡಿಮೆಯಿರುವುದನ್ನೇ ತಮಾಷೆಗೆ ಬಳಸಿ. ವಿಮಾನ ನಿಲ್ದಾಣ 2008ರಿಂದ ದೇವನಹಳ್ಳಿಯಲ್ಲಿದೆ. ಅಂದರೆ ಆಕೆ ಊರಿನ ಅರ್ಧ ದಾರಿಯವರೆಗೆ ಬಂದು ಸಿಂಗಪುರಕ್ಕೋ ದೆಹಲಿಗೋ ಹಾರಿಹೋಗುತ್ತಿದ್ದಳು. ನಿಲ್ದಾಣದ ಟ್ಯಾಕ್ಸಿಗಳನ್ನು ಓಡಿಸುವವರಲ್ಲಿ ನಮ್ಮ ಕಡೆಯ ಹುಡುಗರು ಎಷ್ಟೋ ಮಂದಿ ಇದ್ದಾರೆ. ಮೊದಲ ದೃಶ್ಯದಲ್ಲಿ ಆಕೆ ಕಪ್ಪು ಕನ್ನಡಕ ಹಾಕಿಕೊಂಡು ಟ್ಯಾಕ್ಸಿ ಹತ್ತಿ, ಇಂಗ್ಲಿಷಿನಲ್ಲಿ ಫೋನಿನಲ್ಲಿ ದೊಡ್ಡ ದೊಡ್ಡ ಮಾತನಾಡಿ ಮುಗಿಸಿದ ಮೇಲೆ, ಚಾಲಕ ಕನ್ನಡಿಯಲ್ಲಿ ನೋಡಿ ‘ಅಕ್ಕಾ, ನೀವು ಮೇಲಿನ ಬೀದಿಯ ಪಟೇಲರ ಮೊಮ್ಮಗಳಲ್ಲವೇ?’ ಎಂದು ಕೇಳಲಿ. ಅವಳು ಊರು ತಲುಪುವ ಮೊದಲೇ ಸುದ್ದಿ ತಲುಪಿರಲಿ.

ಬರಲು ಕಾರಣ

ಅಮೆರಿಕದವರಿಗೆ ಕ್ರಿಸ್‌ಮಸ್ ಇದೆ. ಎಲ್ಲರೂ ಮನೆಗೆ ಹೋಗಲೇಬೇಕಾದ ದಿನ. ನಮ್ಮ ಯುಗಾದಿಯನ್ನು ಅದರ ಜಾಗದಲ್ಲಿ ಇಟ್ಟು ಬರೆದ ಕಥೆಗಳನ್ನು ನೋಡಿದ್ದೇನೆ. ಬೇವು ಬೆಲ್ಲ, ಮರುದಿನ ಹೊಸತೊಡಕಿನ ಮಾಂಸದೂಟ, ಅದರ ಮರುದಿನ ಎಲ್ಲರೂ ಬಸ್ಸಿನಲ್ಲಿ. ಎರಡು ದಿನದಲ್ಲಿ ಪ್ರೀತಿ ಮೂಡಿಸುವುದು ಹೇಗೆ? ಕೆಲವು ವರ್ಷಗಳಿಗೊಮ್ಮೆ ನಡೆಯುವ ಊರದೇವತೆಯ ಹಬ್ಬ ಇದಕ್ಕಿಂತ ವಾಸಿ. ಕೊಟ್ಟ ಹೆಣ್ಣುಮಕ್ಕಳೆಲ್ಲ ಬರುತ್ತಾರೆ, ತಂಬಿಟ್ಟಿನ ಆರತಿ ಹೊತ್ತು ಸಾಲಾಗಿ ನಡೆಯುತ್ತಾರೆ, ಯಾರ ಸೀರೆ ಎಷ್ಟರದ್ದು ಎಂಬ ವಿಚಾರಣೆ ನಡೆಯುತ್ತದೆ. ಆದರೂ ಹಬ್ಬಕ್ಕೆ ಬರುವವಳು ತಾನಾಗಿ ಬಂದವಳು. ಬಲವಂತಕ್ಕೆ ಬಂದವಳ ಕಥೆಗೆ ಇನ್ನೂ ರುಚಿ ಹೆಚ್ಚು.

2002ರ ‘ಸ್ವೀಟ್ ಹೋಮ್ ಅಲಬಾಮಾ’ದಲ್ಲಿ ನ್ಯೂಯಾರ್ಕ್‌ನ ವಸ್ತ್ರವಿನ್ಯಾಸಕಿಯಾಗಿ ಹೆಸರು ಮಾಡಿದ ನಾಯಕಿ ಊರಿಗೆ ಬರುವುದು ಒಂದು ಸಹಿಗಾಗಿ. ಮೇಯರಮ್ಮನ ಮಗನನ್ನು ಮದುವೆಯಾಗಬೇಕಾದರೆ ಊರಿನಲ್ಲಿರುವ ಹಳೆಯ ಗಂಡ ವಿಚ್ಛೇದನದ ಕಾಗದಕ್ಕೆ ಸಹಿ ಹಾಕಬೇಕು, ಅವನು ಹಾಕುತ್ತಿಲ್ಲ. ಇದರ ಜಾಣ್ಮೆಯನ್ನು ಗಮನಿಸಿ. ಬಂದ ಕೆಲಸ ಐದು ನಿಮಿಷದ್ದು; ಐದು ನಿಮಿಷದ ಕೆಲಸ ಆಗದೇ ಇರುವುದರಲ್ಲಿ ಇಡೀ ಸಿನಿಮಾ ಇದೆ.

ನಮ್ಮಲ್ಲಿಯೂ ಸಹಿಯೇ ಸರಿಯಾದ ಕಾರಣ, ಕಾಗದ ಮಾತ್ರ ಬೇರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ತಂದಿತು. 2005ರ ಕೇಂದ್ರದ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ವಿಸ್ತರಿಸಿತು. ಹಾಗಾಗಿ ಅಪ್ಪ ತೀರಿಕೊಂಡ ಮೇಲೆ ಅಣ್ಣ ಜಮೀನಿನ ಮೇಲೆ ಏನೇ ಮಾಡಬೇಕಾದರೂ ತಂಗಿಯ ಸಹಿ ಬೇಕು. ಹತ್ತು ವರ್ಷ ‘ಹಬ್ಬಕ್ಕೆ ಬಾ’ ಎಂದು ಬಾಯಿಮಾತಿಗೂ ಒತ್ತಾಯಿಸದ ಅಣ್ಣ ಈಗ ದಿನಕ್ಕೆ ಎರಡು ಬಾರಿ ಫೋನ್ ಮಾಡುತ್ತಾನೆ. ಅತ್ತಿಗೆ ಸಹ ಮಾತನಾಡುತ್ತಾಳೆ. ‘ಹಕ್ಕು ಬಿಡುಗಡೆ ಪತ್ರ’ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಒಂದು ಸಣ್ಣ ಕೆಲಸವಿತ್ತು’ ಎನ್ನುತ್ತಾರೆ. ನಾಯಕಿ ಒಂದು ದಿನ ರಜೆ ಹಾಕಿ ಬರುತ್ತಾಳೆ. ಆ ದಿನ ನೋಂದಣಿ ಕಚೇರಿಯಲ್ಲಿ ಸರ್ವರ್ ಕೈಕೊಟ್ಟಿತು ಎಂದು ಬರೆದರೆ ಯಾವ ಪ್ರೇಕ್ಷಕನೂ ‘ಇದು ಕೃತಕ ತಿರುವು’ ಎಂದು ಆಕ್ಷೇಪಿಸುವುದಿಲ್ಲ.

ಹುಳುಮನೆಯ ಬಾಗಿಲು

ಆದರೆ ಸರ್ವರ್ ನಾಳೆ ಬಂದುಬಿಡುತ್ತದೆ. ಅವಳನ್ನು ಎರಡು ವಾರ ಊರಿನಲ್ಲಿ ಹಿಡಿದಿಡಲು ಇನ್ನೂ ಗಟ್ಟಿಯಾದದ್ದು ಬೇಕು. ಶಿಡ್ಲಘಟ್ಟದ ಕಡೆಯವರಿಗೆ ಅದನ್ನು ಹುಡುಕಬೇಕಾಗಿಯೇ ಇಲ್ಲ, ಹುಳುವೇ ಇದೆ.

ರೇಷ್ಮೆ ಹುಳು ಮೊಟ್ಟೆಯೊಡೆದು ಬಂದ ದಿನದಿಂದ ಗೂಡು ಕಟ್ಟುವವರೆಗೆ ಸುಮಾರು 25 ದಿನ. ನಡುವೆ ನಾಲ್ಕು ಸಲ ಪೊರೆ ಬಿಡುತ್ತದೆ; ಅದನ್ನು ನಾವು ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳು ತಲೆಯೆತ್ತಿಕೊಂಡು ಅಲುಗಾಡದೆ ಇರುತ್ತದೆ, ತಿನ್ನುವುದಿಲ್ಲ. ನಾಲ್ಕನೆಯ ಜ್ವರ ಎದ್ದ ಮೇಲೆ ಶುರುವಾಗುತ್ತದೆ ನೋಡಿ, ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಮುಕ್ಕಾಲು ಪಾಲಿಗೂ ಹೆಚ್ಚನ್ನು ಆ ಕೊನೆಯ ವಾರದಲ್ಲೇ ತಿಂದು ಮುಗಿಸುತ್ತದೆ. ಮನೆಯವರಿಗೆ ಆಗ ಹಗಲು ರಾತ್ರಿ ಎನ್ನುವುದಿಲ್ಲ. ನಿಮ್ಮ ನಾಯಕಿ ನಾಲ್ಕನೆಯ ಜ್ವರ ಎದ್ದ ದಿನ ಮನೆಗೆ ಬರಲಿ. ಸಹಿ ಹಾಕಲು ಅಣ್ಣ, ಅಮ್ಮ ಎಲ್ಲರೂ ಒಟ್ಟಿಗೆ ಕಚೇರಿಗೆ ಹೋಗಬೇಕು. ಹುಳು ಬಿಟ್ಟು ಯಾರೂ ಕದಲುವಂತಿಲ್ಲ. ‘ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿದ ಮೇಲೆ ನೋಡೋಣ’ ಎನ್ನುತ್ತಾನೆ ಅಣ್ಣ. ಅಲ್ಲಿಗೆ ಎರಡು ವಾರ ಸಿಕ್ಕಿತು. ಯಾರನ್ನೂ ಆಸ್ಪತ್ರೆಗೆ ಸೇರಿಸುವ ಅಗತ್ಯ ಬೀಳಲಿಲ್ಲ.

ಮೊದಲ ಭೇಟಿಯ ದೃಶ್ಯವನ್ನು ಹುಳುಮನೆಯ ಬಾಗಿಲಲ್ಲಿ ಬರೆಯಿರಿ. ಹೊಸ್ತಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಹರಡಿರುತ್ತದೆ. ಬಂದವರು ಅದನ್ನು ತುಳಿದು, ಕೈ ತೊಳೆದು ಒಳಗೆ ಹೋಗಬೇಕು. ಹುಳುವಿಗೆ ಘಾಟು ಆಗುವುದಿಲ್ಲ. ತಂಬಾಕು, ಕೀಟನಾಶಕದ ಕೈ ಸೋಕಿದರೆ ಬೆಳೆ ಹೋಯಿತೆಂದೇ ಲೆಕ್ಕ. ನಾಯಕಿ ದುಬಾರಿ ಸುಗಂಧ ಪೂಸಿಕೊಂಡು, ಕಾರಿನಿಂದಿಳಿದು, ಹತ್ತು ವರ್ಷದ ಮೇಲೆ ಅಮ್ಮನನ್ನು ಅಪ್ಪಿಕೊಳ್ಳಲು ನೇರ ನುಗ್ಗುತ್ತಾಳೆ. ಅಮ್ಮ ಕಣ್ಣೀರಿಡುತ್ತಾಳೆ ಎಂದು ನಾವೆಲ್ಲ ಕಾಯುತ್ತಿರುವಾಗ ಸೊಪ್ಪಿನ ಕೈಯನ್ನೇ ಅಡ್ಡ ಹಿಡಿದು ‘ಸೆಂಟು ಬಳಿದುಕೊಂಡು ಒಳಗೆ ಬಂದೀಯೆ, ಹೋಗಿ ಸ್ನಾನ ಮಾಡಿ ಬಾ’ ಎನ್ನುತ್ತಾಳೆ. ಹಿಂದೆ, ಮಂದ ಬೆಳಕಿನಲ್ಲಿ, ತಟ್ಟೆಗಳಿಗೆ ಸೊಪ್ಪು ಹಾಕುತ್ತಿರುವ ಇನ್ನೊಬ್ಬ ವ್ಯಕ್ತಿ ತಿರುಗಿ ನೋಡದೆ ನಗುತ್ತಾನೆ. ಅವನೇ ಅತ್ತೆಯ ಮಗ. ಅವಳಿಗೆ ಪ್ರವೇಶವಿಲ್ಲದ ಮನೆಯಲ್ಲಿ ಅವನು ಒಳಗಿದ್ದಾನೆ. ಸಂಭಾಷಣೆ ಇನ್ನೇನೂ ಬೇಡ. ಧ್ವನಿ ವಿನ್ಯಾಸಕರಿಗೆ ಒಂದು ಮಾತು ಬರೆದಿಡಿ: ಕೊನೆಯ ಹಂತದ ಹುಳುಗಳೆಲ್ಲ ಒಟ್ಟಿಗೆ ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಬೀಳುವ ಸೋನೆಮಳೆಯಂತಿರುತ್ತದೆ. ನಮ್ಮ ಸೀಮೆಯ ಸಿನಿಮಾದಲ್ಲಿ ಮಳೆ ಬೇಕೆನ್ನುವವರು ಇದನ್ನು ಇಟ್ಟುಕೊಳ್ಳಲಿ.

ಪ್ರೀತಿ ಮೂಡುವ ರಾತ್ರಿಯೂ ಇಲ್ಲಿಯೇ ಸಿಗುತ್ತದೆ. ಹುಳು ಹಣ್ಣಾದಾಗ ಮೈ ತಿಳಿಯಾಗುತ್ತದೆ, ಸೊಪ್ಪು ಬಿಟ್ಟು ತಲೆಯೆತ್ತಿ ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಕೈಯಲ್ಲಿ ಆರಿಸಿ ಚಂದ್ರಿಕೆಗೆ, ಅಂದರೆ ಅದು ಗೂಡು ಕಟ್ಟುವ ಚೌಕಟ್ಟಿಗೆ, ಬಿಡಬೇಕು. ತಡವಾದರೆ ಸೊಪ್ಪಿನ ಮಧ್ಯೆಯೇ ನೂಲು ಬಿಟ್ಟು ಹಾಳು ಮಾಡಿಕೊಳ್ಳುತ್ತದೆ. ನೆಂಟರು, ನೆರೆಯವರು, ಶಾಲೆಯ ಮಕ್ಕಳು ಎಲ್ಲರನ್ನೂ ಕರೆಯುತ್ತಾರೆ. ಚಂದ್ರಿಕೆ ಸಾಲದೆ ಅತ್ತೆಯ ಮಗ ಪಕ್ಕದೂರಿನಿಂದ ಬಾಡಿಗೆಗೆ ಟೆಂಪೊದಲ್ಲಿ ತರುತ್ತಾನೆ. ಈಗ ಸುಗಂಧವಿಲ್ಲದ ನಾಯಕಿಯನ್ನು ತಟ್ಟೆಯ ಆ ಕಡೆ, ಅವನನ್ನು ಈ ಕಡೆ ಕೂರಿಸಿ. ಹಣ್ಣು ಹುಳು ಯಾವುದು, ಇನ್ನೂ ತಿನ್ನುವ ಹುಳು ಯಾವುದು ಎಂದು ಅವಳಿಗೆ ಮರೆತುಹೋಗಿದೆ. ಅವನು ಒಂದನ್ನು ಎತ್ತಿ ಬಲ್ಬಿನ ಬೆಳಕಿಗೆ ಹಿಡಿದು ತೋರಿಸುತ್ತಾನೆ. ಅವಳ ಕೈಗೆ ವರ್ಗಾಯಿಸುತ್ತಾನೆ. ಮುಂಗೈ ತಾಗಿತು ಎಂದು ಬರೆಯಲೇಬೇಡಿ, ಆ ಕೆಲಸ ಮಾಡಿದವರಿಗೆಲ್ಲ ತಾಗುತ್ತದೆ ಎಂದು ಗೊತ್ತು.

ಗೂಡು ಬಿಡಿಸಿದ ಮೇಲೂ ಗಡಿಯಾರ ನಿಲ್ಲುವುದಿಲ್ಲ. ಹಾಗೇ ಬಿಟ್ಟರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ. ಅರ್ಧ ಕಿಲೋಮೀಟರಿಗೂ ಉದ್ದವಿರುವ ಒಂದೇ ಎಳೆ ಚೂರುಚೂರಾಗುತ್ತದೆ. ಕೊನೆಯ ಓಟ ಎಂದರೆ ಎಲ್ಲರೂ ವಿಮಾನ ನಿಲ್ದಾಣಕ್ಕೆ ಓಡಿಸುತ್ತಾರೆ. ನೀವು ಶಿಡ್ಲಘಟ್ಟದ ಗೂಡು ಮಾರುಕಟ್ಟೆಗೆ ಓಡಿಸಿ. ಹರಾಜು ಮುಗಿಯುವುದರೊಳಗೆ ಅವನು ಬರಬೇಕು, ಅವಳ ಬಸ್ಸು ಅದೇ ಬೀದಿಯಲ್ಲಿ ಸಿಕ್ಕಿಹಾಕಿಕೊಂಡಿರಬೇಕು.

ಉಳಿದವರು

ಊರಿನ ಗೆಳೆಯ ಇಷ್ಟು ವರ್ಷ ಅವಳಿಗಾಗಿ ಕಾಯುತ್ತಿದ್ದ ಎಂದು ಬರೆಯುವುದು ಸುಳ್ಳು, ಅವನಿಗೆ ಅವಮಾನ ಕೂಡ. ರೈತನಿಗೆ ಹೆಣ್ಣು ಕೊಡುವವರಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. 2023ರಲ್ಲಿ ಮಂಡ್ಯದ ಕಡೆಯ ಅವಿವಾಹಿತ ಯುವಕರು ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ನಿಮ್ಮ ನಾಯಕ ಹತ್ತಾರು ಕಡೆ ಹೆಣ್ಣು ನೋಡಿ, ಉಪ್ಪಿಟ್ಟು ಕೇಸರಿಬಾತು ತಿಂದು, ‘ಹುಡುಗ ಬೆಂಗಳೂರಿನಲ್ಲಿದ್ದಿದ್ದರೆ ಆಗುತ್ತಿತ್ತು’ ಎಂಬ ಉತ್ತರ ಕೇಳಿಕೊಂಡು ಬಂದವನಾಗಿರಲಿ. ಅದನ್ನು ಅವನೇ ನಗುತ್ತ ಹೇಳಲಿ. ಅವನಿಗೆ ಮರುಕ ಬೇಡ, ಬಾಯಿ ಬೇಕು.

ನಾಯಕಿಗೆ ಬೆಂಗಳೂರಿನಲ್ಲೂ ಒಬ್ಬ ಹುಡುಗನಿದ್ದರೆ ಅವನನ್ನು ಪೆದ್ದನನ್ನಾಗಿ ಮಾಡಬೇಡಿ. ಅವನು ಒಳ್ಳೆಯವನಾಗಿದ್ದಷ್ಟೂ ನಿಮ್ಮ ಕಥೆ ನಿಲ್ಲುತ್ತದೆ.

ಜಾತಿಯ ಮಾತನ್ನು ಮೊದಲ ಪುಟದಲ್ಲೇ ತೀರ್ಮಾನಿಸಿಕೊಳ್ಳಿ. ಅತ್ತೆಯ ಮಗ ಎಂದಾಗ ಆ ಪ್ರಶ್ನೆ ಏಳುವುದಿಲ್ಲ. ಅದು ಅನುಕೂಲ, ತಪ್ಪಿಸಿಕೊಳ್ಳುವ ದಾರಿ ಎಂದೂ ಅನ್ನಬಹುದು. ಬೇರೆ ಜಾತಿಯ ಹುಡುಗ ಎಂದು ಬರೆದರೆ ಊರು ನಗುತ್ತ ಒಪ್ಪಿಕೊಂಡಿತು ಎಂದು ಕೊನೆಗೆ ತಿಪ್ಪೆ ಸಾರಿಸಬೇಡಿ. ಒಪ್ಪದ ಊರಿನ ನಡುವೆಯೂ ಹಾಸ್ಯ ಬರೆಯಬಹುದು, ಆದರೆ ಅದಕ್ಕೆ ಕಹಿ ಬೆರೆತಿರುತ್ತದೆ, ಬೆರೆತೇ ಇರಲಿ.

ಊರಿನ ಬಾಯಿಗೆ ಒಂದು ದೃಶ್ಯ ಕೊಡಿ. ನಿಮ್ಮ ಕಥೆ ಚಳಿಗಾಲದಲ್ಲಿ ನಡೆಯುವುದಾದರೆ ಅವರೆಕಾಯಿ ಇದೆ. ಕಾಳನ್ನು ನೆನೆಸಿಟ್ಟು, ಹೆಂಗಸರೆಲ್ಲ ಜಗುಲಿಯಲ್ಲಿ ಸುತ್ತ ಕುಳಿತು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿತಕುತ್ತಾರೆ; ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಕೈಗೆ ಕೆಲಸವಿದೆ, ಬಾಯಿಗೆ ಬಿಡುವಿದೆ. ನಾಯಕಿಯ ಸಂಬಳ, ತೂಕ, ಮದುವೆ, ಸಹಿ ಎಲ್ಲವೂ ಒಂದು ಪಾತ್ರೆ ಬೇಳೆಯಾಗುವಷ್ಟರಲ್ಲಿ ತೀರ್ಮಾನವಾಗಲಿ. ಮಾತು ಬರೆಯುವಾಗ ಒಂದು ಎಚ್ಚರ: ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿಯ ಕಡೆ ಎಷ್ಟೋ ಮನೆಗಳ ಒಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಗೂಡು ಕೊಂಡು ನೂಲು ತೆಗೆಯುವ ರೀಲರುಗಳಲ್ಲಿ ಬಹಳ ಮಂದಿಯ ಮನೆಮಾತು ಉರ್ದು. ಅಜ್ಜಿ ಬೈಯುವುದು ತೆಲುಗಿನಲ್ಲೇ ಆಗಲಿ. ನಾಯಕಿಗೆ ಕೋಪ ಬಂದಾಗ ಇಂಗ್ಲಿಷ್ ಜಾರಿ ಅದೇ ತೆಲುಗು ಬಂದರೆ ಚಿತ್ರಮಂದಿರದಲ್ಲಿ ಶಿಳ್ಳೆ ಬೀಳುತ್ತದೆ.

ಜಾಗಗಳು. ನಂದಿ ಬೆಟ್ಟದ ಸೂರ್ಯೋದಯ ಬೇಡವೇ ಬೇಡ. ಅದು ಬೆಂಗಳೂರಿನವರ ಬೆಟ್ಟ. ಭಾನುವಾರ ಬೆಳಗಿನ ಜಾವ ಅಲ್ಲಿ ಊರಿನವರಾಗಿ ಸಿಗುವವರು ಜೋಳ ಸುಡುವವರು ಮಾತ್ರ. ನೀಲಗಿರಿ ತೋಪು, ಬಂಡೆ, ಹಿಪ್ಪುನೇರಳೆ ತೋಟ, ನಂದಿ ಹಾಲ್ಟ್‌ನಂಥ ರೈಲು ನಿಲ್ದಾಣ, ಇವು ನಮ್ಮವು. ಕೆರೆ ತೋರಿಸುವುದಾದರೆ ನಿಜ ತೋರಿಸಿ. ಜೀವನದಿಯಿಲ್ಲದ ಈ ಜಿಲ್ಲೆಯ ಕೆರೆಗಳಿಗೆ ಈಗ ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಹರಿಸುತ್ತಿದ್ದಾರೆ. ‘ಬೆಂಗಳೂರಿಗೆ ಹೋದ ನೀನು ಬರಲಿಲ್ಲ, ನಿನ್ನ ಬಚ್ಚಲ ನೀರು ಬಂತು’ ಎಂಬ ಮಾತನ್ನು ಕೆರೆ ಏರಿಯ ಮೇಲೆ ಅವನಿಂದ ಹೇಳಿಸಿ. ಪ್ರೇಮ ನಿವೇದನೆಗೆ ಮೊದಲ ವಾಕ್ಯವಾಗಿ ಅದು ಚೆನ್ನಾಗಿಯೇ ಇದೆ.

ಮುಕ್ತಾಯ ಬರೆಯುವಾಗ 60 ಕಿಲೋಮೀಟರ್ ನಿಮ್ಮ ಪರವಾಗಿ ನಿಲ್ಲುತ್ತದೆ. ಅಮೆರಿಕದ ನಾಯಕಿ ಒಂದೋ ಕೆಲಸ ಬಿಡಬೇಕು, ಇಲ್ಲವೇ ಊರು ಬಿಡಬೇಕು. ನಮ್ಮವಳಿಗೆ ಆ ಇಕ್ಕಟ್ಟಿಲ್ಲ. ಕೆಲಸ ಬಿಡಿಸಿ ಹಸು ಕಟ್ಟಿಸಬೇಡಿ. ಅವಳು ಹಕ್ಕು ಬಿಡುವ ಪತ್ರಕ್ಕೆ ಸಹಿ ಹಾಕದೆ ತನ್ನ ಪಾಲಿನ ಒಂದೆಕರೆ ಹಿಪ್ಪುನೇರಳೆ ತೋಟವನ್ನು ಉಳಿಸಿಕೊಂಡು, ಅದನ್ನು ಅವನಿಗೆ ಗುತ್ತಿಗೆಗೆ ಕೊಟ್ಟು, ಲೆಕ್ಕ ನೋಡುವ ನೆಪದಲ್ಲಿ ಪ್ರತಿ ಶನಿವಾರ ಬಂದರೆ ಸಾಕು. ಮದುವೆಯನ್ನು ಪ್ರೇಕ್ಷಕರು ತಾವೇ ಮಾಡಿಸಿಕೊಳ್ಳುತ್ತಾರೆ.

ಬರೆದು ಮುಗಿಸಿದ ಮೇಲೆ ನಿರ್ಮಾಪಕರಿಗಿಂತ ಮೊದಲು ನಿಮ್ಮ ದೊಡ್ಡಮ್ಮನಿಗೋ ಸೋದರತ್ತೆಗೋ ಓದಿ ಹೇಳಿ. ನಡುವೆ ಎದ್ದು ಒಲೆ ನೋಡಲು ಹೋದರೆ ಆ ದೃಶ್ಯವನ್ನು ಕತ್ತರಿಸಿ. ‘ಇದು ಅವರ ಮನೆಯ ಕಥೆಯಲ್ಲವೇನೇ?’ ಎಂದು ದನಿ ತಗ್ಗಿಸಿ ಕೇಳಿದರೆ ಚಿತ್ರಕಥೆ ಗೆದ್ದಿತು. ತಕ್ಷಣ ಎಲ್ಲರ ಹೆಸರನ್ನೂ, ಬೀದಿಯನ್ನೂ, ಟೆಂಪೊದ ಬಣ್ಣವನ್ನೂ ಬದಲಿಸಿ.